ನಾಲ್ಕು ಕುದುರೆ ಕಡಿಮೆ

"ಅಜ್ಜಾರೆ, ನನ್ನ ಭಕ್ತಿ ಎಷ್ಟಾಗಿದೆ ಎಂದು ತಿಳಿಯುವುದು ಹೇಗೆ?"

ಹೀಗೆ ಕೇಳಿದವನು ಗುರುಪಾದ. ಮಠಕ್ಕೆ ಬಂದು ಬಹಳ ವರ್ಷವಾಗಿದ್ದ ಶಿಷ್ಯ. ಮರುದಿನ ಸುತ್ತಲಿನ ಮಠಗಳ ಸಾಧಕರೆಲ್ಲ ಒಂದೆಡೆ ಸೇರುವವರಿದ್ದರು. ಆ ಸಭೆಯಲ್ಲಿ ಒಬ್ಬೊಬ್ಬರೂ ಎದ್ದು ನಿಂತು ತಾವು ಮಾಡಿದ ಜಪದ ಸಂಖ್ಯೆ ಹೇಳುವುದು ಪದ್ಧತಿ. ಲಕ್ಷಕ್ಕೆ ಕಡಿಮೆ ಹೇಳಿದವರಿಗೆ ಮುಂದಿನ ಸಾಲಿನಲ್ಲಿ ಜಾಗವಿಲ್ಲ. ಗುರುಪಾದನ ಜಪ ಲಕ್ಷ ಮುಟ್ಟಿರಲಿಲ್ಲ. ಸ್ವಲ್ಪ ಕೂಡಿಸಿ ಹೇಳು, ಯಾರು ಎಣಿಸಿ ನೋಡುತ್ತಾರೆ ಎಂದು ಸಂಗಡಿಗರು ಹೇಳಿಕೊಟ್ಟಿದ್ದರು. ಹೇಳಬೇಕೆಂಬ ಆಸೆ ಅವನಿಗೂ ಇತ್ತು.

ಅಜ್ಜನವರಿಗೆ ಇದೆಲ್ಲ ಗೊತ್ತಿತ್ತು. ಗುರುವಿಗೆ ಗೊತ್ತಾಗದಿರುವುದು ಏನಿದೆ? "ಕೂತುಕೋ, ಒಂದು ಕಾರಿನ ಕತೆ ಹೇಳುತ್ತೇನೆ" ಎಂದರು.

"ಕಾರಿನ ಕತೆಯೇ, ಅಜ್ಜಾರೆ?"

"ಏಕೆ, ಶಿವ ಎತ್ತಿನ ಮೇಲೆ ಮಾತ್ರ ಕೂರುತ್ತಾನೆಂದು ತಿಳಿದೆಯಾ?" ಎಂದು ನಕ್ಕು, ಅಜ್ಜನವರು ಹೇಳತೊಡಗಿದರು.

ಘಟ್ಟದ ಬುಡದ ಒಂದು ಪಟ್ಟಣದಲ್ಲಿ ಒಬ್ಬ ಹೆಂಗಸಿದ್ದಳು. ಅವಳ ಬಳಿ ಒಂದು ಹಳೆಯ ಅಮೆರಿಕದ ಕಾರಿತ್ತು. ಅಂಥದ್ದಕ್ಕೆ ಮಸಲ್ ಕಾರು ಎನ್ನುತ್ತಾರೆ. ಗರಡಿಮನೆಯ ಪೈಲ್ವಾನನಂಥ ಕಾರು. ಉದ್ದನೆಯ ಬಾನೆಟ್ಟು, ಅದರ ಕೆಳಗೆ ಎಂಟು ಸಿಲಿಂಡರಿನ ಎಂಜಿನ್. ತುಕ್ಕು ಹಿಡಿದು ಬಿದ್ದಿದ್ದ ಅದನ್ನು ಅವಳು ಕೈಯಾರೆ ಬಿಚ್ಚಿ, ತೊಳೆದು, ಜೋಡಿಸಿ ಎಬ್ಬಿಸಿದ್ದಳು. ಆ ಪಟ್ಟಣದಲ್ಲಿ ವರ್ಷಕ್ಕೊಮ್ಮೆ ಕಾರುಗಳು ಘಟ್ಟ ಹತ್ತುವ ಪಂದ್ಯ ನಡೆಯುತ್ತಿತ್ತು. ಅಲ್ಲಿ ದೊಡ್ಡ ಗಾಡಿಗಳ ಸಾಲಿನಲ್ಲಿ ತನ್ನ ಕಾರೂ ನಿಲ್ಲಬೇಕು. ಅವಳಿಗೆ ಇದ್ದದ್ದು ಅದೊಂದೇ ಆಸೆ.

ನಿಲ್ಲುವುದಕ್ಕೆ ನಿಯಮವಿತ್ತು. ಪಂದ್ಯ ನಡೆಸುವ ಕ್ಲಬ್ಬಿನವರ ಯಂತ್ರದ ಮೇಲೆ ಕಾರು ಇನ್ನೂರೈವತ್ತು ಕುದುರೆಗಳ ಬಲ ತೋರಿಸಬೇಕು. ಕಾರನ್ನು ಪಟ್ಟಿಗಳಿಂದ ನೆಲಕ್ಕೆ ಬಿಗಿಯುತ್ತಾರೆ. ಹಿಂದಿನ ಚಕ್ರಗಳನ್ನು ರೋಲರುಗಳ ಮೇಲೆ ನಿಲ್ಲಿಸಿ ಎಂಜಿನ್ನನ್ನು ಪೂರ್ತಿ ಎಬ್ಬಿಸುತ್ತಾರೆ. ಕಾರು ಇದ್ದಲ್ಲೇ ಓಡುತ್ತದೆ, ಪರದೆಯ ಮೇಲೆ ಸಂಖ್ಯೆ ಏರುತ್ತದೆ. ಎಲ್ಲಿಯವರೆಗೆ ಏರಿತೋ ಆ ಸಂಖ್ಯೆಯನ್ನು, ಮಾಲೀಕರು ಸಾಕೆಂದ ಮೇಲೆ, ಕಾರಿನ ಬಾಗಿಲ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ.

ಕಾರು ತಯಾರಾದ ಕಾಲದ ಕಾಗದದಲ್ಲಿ ಮುನ್ನೂರೈವತ್ತು ಎಂದಿತ್ತು. ಪರದೆಯಲ್ಲಿ ಬಂದದ್ದು ಇನ್ನೂರ ಮೂವತ್ತೆಂಟು.

ಸುತ್ತ ನಿಂತವರು ಗೊಳ್ಳೆಂದು ನಕ್ಕರು. "ಅಕ್ಕಾ, ನೂರಕ್ಕೂ ಮೇಲೆ ಕುದುರೆ ತಪ್ಪಿಸಿಕೊಂಡವಲ್ಲ! ಹುಡುಕಿಸೋಣವೇನು?"

"ಅವು ಲಾಯದಲ್ಲಿ ಯಾವತ್ತು ಇದ್ದವು? ಕಾಗದದ ಮೇಲೆ ಮೇಯುತ್ತಿದ್ದವು" ಎಂದಳು ಅವಳು.

ಅವಳು ಹೇಳಿದ್ದು ನಿಜ. ಆ ಕಾಲದಲ್ಲಿ ಎಂಜಿನ್ನನ್ನು ಕಾರಿನಿಂದ ಹೊರಗಿಟ್ಟು, ಅದಕ್ಕೆ ಫ್ಯಾನು ಸೈಲೆನ್ಸರಿನಂಥ ಯಾವ ಭಾರವನ್ನೂ ಹೊರಿಸದೆ ಅಳೆಯುತ್ತಿದ್ದರು. ಹೆಗಲ ಮೇಲೆ ಮೂಟೆಯಿಲ್ಲದವನ ಬಲ ಅದು. ಕಾರಿನೊಳಗೆ ಕೂತ ಎಂಜಿನ್ನಿನ ಬಲ ಗೇರುಗಳನ್ನು ದಾಟಿ, ಅಚ್ಚನ್ನು ತಿರುಗಿಸಿ, ಚಕ್ರಕ್ಕೆ ಬರುವ ಹೊತ್ತಿಗೆ ದಾರಿಯಲ್ಲೇ ಒಂದಷ್ಟು ಕರಗುತ್ತದೆ. ನೆಲಕ್ಕೆ ತಲುಪಿದ್ದಷ್ಟೇ ಕೆಲಸಕ್ಕೆ ಬರುವುದು. ನಾಲಗೆಯಲ್ಲಿ ಹುಟ್ಟಿದ ಮಂತ್ರ ಎದೆಗೆ ಇಳಿಯುವಾಗ ಎಷ್ಟು ಉಳಿದಿರುತ್ತದೆ ಎಂಬುದು ನಮಗೂ ಗೊತ್ತಿರುವುದೇ.

ಅವಳಿಗೆ ಇನ್ನು ಹನ್ನೆರಡು ಕುದುರೆ ಬೇಕಿತ್ತು. ಎಂಜಿನ್ನಿನ ಹೊಗೆ ಸರಾಗವಾಗಿ ಹೊರಗೆ ಹೋದರೆ ಬಲ ಹೆಚ್ಚುತ್ತದೆ. ಹಾಗಾಗಿ ಸೈಲೆನ್ಸರು ಮಾರುವವನ ಅಂಗಡಿಗೆ ಹೋದಳು.

"ಎಷ್ಟು ಸದ್ದಿನದು ಕೊಡಲಿ, ಅಕ್ಕಾರೆ? ಓಣಿಗೆ ಕೇಳುವಂಥದ್ದೋ, ತಾಲೂಕಿಗೇ ಕೇಳುವಂಥದ್ದೋ?"

"ಸದ್ದು ಅಡಗಿಸುವುದಕ್ಕಲ್ಲವೇನಪ್ಪ ಸೈಲೆನ್ಸರು ಇರುವುದು?"

"ಅದು ಹೆಸರಿಗಷ್ಟೇ, ಅಕ್ಕಾರೆ. ಸುಮ್ಮನಿರುವ ಸೈಲೆನ್ಸರು ಕೇಳಿಕೊಂಡು ಬಂದವರನ್ನು ನಾನಿನ್ನೂ ನೋಡಿಲ್ಲ."

ಅವನು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಅಗಲವಾದ ಕೊಳವೆ ಹಾಕಿದ. ಸದ್ದು ತಡೆಯುವ ಡಬ್ಬಿಯನ್ನು ತೆಗೆದೇ ಬಿಟ್ಟ. ಯಂತ್ರದ ಮೇಲೆ ಸಂಖ್ಯೆ ಇನ್ನೂರೈವತ್ತೆಂಟಕ್ಕೆ ಏರಿತು. ನಕ್ಕವರೇ ಚಪ್ಪಾಳೆ ತಟ್ಟಿದರು.

ಅವಳು ಸಂತೋಷದಿಂದ ಕಾರನ್ನು ಘಟ್ಟಕ್ಕೆ ತಂದಳು. ಮೊದಲ ತಿರುವಿನಲ್ಲೇ ಕಾರು ಮುಗ್ಗರಿಸಿತು. ಕೊಳವೆ ಅತಿ ಅಗಲವಾದರೆ ಅದರೊಳಗೆ ಹೊಗೆಯ ವೇಗ ಕುಂದುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಎಳೆತವೇ ಇರುವುದಿಲ್ಲ. ಯಂತ್ರದ ಮೇಲೆ ಕಂಡ ಬಲ ಸಿಗುವುದು ಎಂಜಿನ್ ಮೈಮರೆತು ತಿರುಗಿದಾಗ ಮಾತ್ರ. ಘಟ್ಟದ ತಿರುವುಗಳು ಅಷ್ಟು ವೇಗಕ್ಕೆ ಯಾರನ್ನೂ ಬಿಡುವುದಿಲ್ಲ. ಸದ್ದೇನೋ ಬೆಟ್ಟಕ್ಕೆ ಬಡಿದು ಬಡಿದು ಮರಳುತ್ತಿತ್ತು. ಕಾರು ಮೇಲೆ ಹೋಗುತ್ತಿರಲಿಲ್ಲ. ಹಿಂದೆ ಸಿಕ್ಕಿಕೊಂಡ ಬಸ್ಸಿನ ಡ್ರೈವರು ತಲೆ ಹೊರಗೆ ಹಾಕಿ ಕೂಗಿದ: "ಅಮ್ಮಾ, ಗಾಡಿ ಗದರಿಸುತ್ತಾ ಇದೆಯೋ, ಅಳುತ್ತಾ ಇದೆಯೋ?"

ಮರುದಿನವೇ ಅವಳು ಆ ಕೊಳವೆ ಬಿಚ್ಚಿಸಿದಳು. ಬದಿಗೊಂದರಂತೆ ಎರಡು ಕಿರಿದಾದ ಕೊಳವೆ ಹಾಕಿಸಿ, ಒಂದರ ಉಸಿರು ಇನ್ನೊಂದನ್ನು ಎಳೆದುಕೊಳ್ಳುವಂತೆ ನಡುವೆ ಸೇರಿಸಿದಳು. ಕೊನೆಯಲ್ಲಿ ನಿಜವಾಗಿ ಸದ್ದಡಗಿಸುವ ಸೈಲೆನ್ಸರು ಇಡಿಸಿದಳು. ಈಗ ಕಾರು ತಿರುವಿನಿಂದ ತಿರುವಿಗೆ ಮುಗ್ಗರಿಸದೆ ಹತ್ತಿತು. ಯಂತ್ರದ ಮೇಲೆ ನಿಲ್ಲಿಸಿದಾಗ ಬಂದದ್ದು ಇನ್ನೂರ ನಲವತ್ತಾರು.

ಕ್ಲಬ್ಬಿನ ಅಧ್ಯಕ್ಷ ಕೆಟ್ಟವನಲ್ಲ. ಅವಳನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದ: "ತಂಗಿ, ನಾಲ್ಕೇ ನಾಲ್ಕು ಕುದುರೆಗೆ ಏಕೆ ಅವಕಾಶ ಕಳೆದುಕೊಳ್ಳುತ್ತೀಯ? ನಾಳೆ ಆ ಅಗಲದ ಕೊಳವೆ ಹಾಕಿಕೊಂಡು ಬಾ. ಸಂಖ್ಯೆ ಬರೆಸಿಕೋ. ಆಮೇಲೆ ಮನೆಗೆ ಹೋಗಿ ಯಾವುದು ಬೇಕೋ ಅದನ್ನು ಹಾಕಿಕೋ. ಎಲ್ಲರೂ ಮಾಡುವುದೇ. ಅದೇನು ಸುಳ್ಳಲ್ಲ ತಂಗಿ, ಒಂದು ಕೊಳವೆ ಅಷ್ಟೇ."

ಕತೆ ಇಲ್ಲಿಗೆ ಬಂದಾಗ ಗುರುಪಾದ ತಲೆ ತಗ್ಗಿಸಿದ. ಅಜ್ಜನವರು ಅವನತ್ತ ನೋಡದೆ ಮುಂದುವರಿಸಿದರು.

ಅವಳಿಗೆ ದುಃಖ ಒತ್ತಿ ಬಂತು. ಆ ಸಾಲು ಕೈಗೆಟುಕುವಷ್ಟು ಹತ್ತಿರವಿತ್ತು. ಹೂಂ ಎಂದರೆ ಸಾಕಿತ್ತು. ಅವಳು ಕಾರಿನ ಬಾಗಿಲ ಮೇಲೆ ಕೈಯಿಟ್ಟು, "ಇನ್ನೂರ ನಲವತ್ತಾರು ಎಂದು ಬರೆಯಿಸಿ, ಅಣ್ಣಾರೆ. ದೊಡ್ಡದಾಗಿ ಬರೆಯಿಸಿ. ದೂರದವರಿಗೂ ಕಾಣಲಿ" ಎಂದಳು.

"ಹಾಗೆ ಬರೆದರೆ ನೀನು ಸಾಲಿನಲ್ಲಿ ನಿಲ್ಲುವ ಹಾಗಿಲ್ಲ."

"ನಿಲ್ಲುವುದಿಲ್ಲ ಬಿಡಿ. ಹತ್ತುತ್ತೇನೆ."

"ಒಬ್ಬಳೇ ಹತ್ತಿದರೆ ಯಾರು ನೋಡುತ್ತಾರೆ? ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?"

"ಘಟ್ಟ ನಿಮ್ಮ ಕ್ಲಬ್ಬಿನದೇನು? ಅದನ್ನು ಎತ್ತಿ ನಿಲ್ಲಿಸಿದವನು ನೋಡುತ್ತಾನೆ. ಅವನು ಯಾರ ಬಾಗಿಲನ್ನೂ ಓದುವುದಿಲ್ಲ."

ಪಂದ್ಯದ ದಿನ ಬಂತು. ಸಂಖ್ಯೆ ಬರೆಸಿಕೊಂಡ ಕಾರುಗಳು ಸಾಲಾಗಿ ನಿಂತವು, ಬೆಟ್ಟ ನಡುಗುವಂತೆ ಅಬ್ಬರಿಸಿದವು, ಒಂದೊಂದಾಗಿ ಹತ್ತಿದವು. ಗೆದ್ದವನ ಕೊರಳಿಗೆ ಹಾರ ಬಿತ್ತು. ಪೊಲೀಸರು ಅಡ್ಡಗಟ್ಟೆ ತೆಗೆದು ರಸ್ತೆಯನ್ನು ಬಸ್ಸು ಲಾರಿಗಳಿಗೆ ಬಿಟ್ಟರು. ಆಗ ಅವಳು ಬಂದಳು. ಬಾಗಿಲ ಮೇಲೆ ದೂರದಿಂದಲೇ ಕಾಣುವ ಇನ್ನೂರ ನಲವತ್ತಾರು. ಜನ ಶಿಳ್ಳೆ ಹೊಡೆದರು. "ಅಕ್ಕಾ, ಪಂದ್ಯ ಮುಗಿಯಿತು! ಆ ನಾಲ್ಕು ಕುದುರೆಯನ್ನು ಇಲ್ಲಿಂದ ಬಾಡಿಗೆಗೆ ಕೊಡಲೇನು?" ಎಂದ ಒಬ್ಬ.

ಅವಳು ಗಾಜು ಇಳಿಸಿ, "ನಿಮ್ಮವು ದಣಿದಿವೆ, ಹುಲ್ಲು ಹಾಕಿ" ಎಂದಳು. ಗಾಜು ಏರಿಸಲಿಲ್ಲ. ಶಿವನ ಹೆಸರು ಹೇಳಿ ಗೇರು ಹಾಕಿದಳು. ಕುಂಬಳಕಾಯಿ ತುಂಬಿದ ಒಂದು ಲಾರಿಯ ಹಿಂದೆ, ತನ್ನ ಸರದಿಗೆ ಕಾದು, ಘಟ್ಟ ಹತ್ತಿದಳು. ಮೊದಲ ತಿರುವು ದಾಟಿದ ಮೇಲೆ ಕೆಳಗಿನವರಿಗೆ ಕಾರು ಕಾಣಲಿಲ್ಲ, ಅದರ ಸದ್ದೂ ಕೇಳಲಿಲ್ಲ.

ಅಜ್ಜನವರು ಅಲ್ಲಿಗೆ ನಿಲ್ಲಿಸಿದರು. ಗುರುಪಾದ ಮುಂದೆ ಬಾಗಿ ಕೇಳಿದ:

"ಅಜ್ಜಾರೆ, ಆಮೇಲೆ? ಅವಳು ಎಷ್ಟು ಹೊತ್ತಿನಲ್ಲಿ ಹತ್ತಿದಳು? ಗೆದ್ದವನಿಗಿಂತ ಬೇಗ ಹೋದಳೇ?"

ಅಜ್ಜನವರು ಪ್ರೀತಿಯಿಂದ ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದರು: "ಅವಳು ಮೇಲೆ ಹೋಗಿ ಮುಟ್ಟಿದಳು ಮಗನೇ, ನೀನು ಇನ್ನೂ ಬುಡದಲ್ಲಿ ಗಡಿಯಾರ ಹಿಡಿದು ನಿಂತಿದ್ದೀಯ."