ತೂಬಿನ ಪೆಟ್ಟಿಗೆಯ ಮಂತ್ರ

ಹೊಳೆಯ ದಂಡೆಯ ಮೇಲೊಂದು ಮಠ. ಅಲ್ಲಿ ನಿರಂಜನಜ್ಜ ಎಂಬ ಗುರುಗಳು. ವಯಸ್ಸು ಎಂಬತ್ತು ದಾಟಿತ್ತು. ಹೇಳಿದ್ದನ್ನೇ ಹೇಳಿ ಹೇಳಿ ಅವರಿಗೆ ಸಾಕಾಗಿತ್ತು.

ಶಿಷ್ಯ ಮುರುಗೇಂದ್ರನಿಗೆ ಯಂತ್ರದ ವಿದ್ಯೆ ಗೊತ್ತಿತ್ತು. ಕಾಲುವೆಯ ತೂಬನ್ನು ಫೋನಿನಿಂದಲೇ ಎತ್ತಿ ಇಳಿಸುವ ಪೆಟ್ಟಿಗೆ ಮಾಡಿ, ಸುತ್ತಲಿನ ನಲವತ್ತು ಊರುಗಳ ತೂಬಿಗೆ ಕೂಡಿಸಿದ್ದ. ಮಠದ ತೋಟದ ತೂಬಿಗೂ ಒಂದು. ಊರೂರಲ್ಲಿ ನೀರು ಬಿಡುವ ನೀರುಗಂಟಿಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಕೊಟ್ಟಿದ್ದ.

ಒಂದು ಮಧ್ಯಾಹ್ನ ಪಕ್ಕದೂರಿನ ತೂಬು ಎದ್ದಿತು. ನೀರು ಹಳ್ಳಕ್ಕೆ ನುಗ್ಗಿತು. ಉಸುಕಿನಲ್ಲಿ ದುರುಗವ್ವ ಬೆಳೆದಿದ್ದ ಕಲ್ಲಂಗಡಿಯೆಲ್ಲ ತೇಲಿಹೋಯಿತು.

ಆ ಊರಿನ ನೀರುಗಂಟಿ ಹಂಪಣ್ಣ, ನಾನು ಉಣ್ಣುತ್ತ ಕೂತಿದ್ದೆ, ತೂಬು ಮುಟ್ಟಿಲ್ಲ ಎಂದ. ಪಾಸ್‌ವರ್ಡ್ ನಿನ್ನದೇ ತಾನೇ ಎಂದರು ಊರವರು. ಅವನು ರೇಗಾಡಿದ. ಬಡವನ ಕೋಪ ದವಡೆಗೆ ಮೂಲ. ಅಮಾವಾಸ್ಯೆಗೆ ಹೊಸ ನೀರುಗಂಟಿಯನ್ನು ಇಡುವುದೆಂದು ತೀರ್ಮಾನವಾಯಿತು. ಹಂಪಣ್ಣನ ಮನೆಯಲ್ಲಿ ಅದು ಅಜ್ಜನ ಕಾಲದಿಂದ ಬಂದ ಕೆಲಸ.

ಮರುದಿನ ಮುರುಗೇಂದ್ರ ಹೊಸ ಪೆಟ್ಟಿಗೆಗಳನ್ನು ತಂದು ಗುರುಗಳ ಮುಂದಿಟ್ಟ. ಇನ್ನೂ ಅರವತ್ತು ಊರಿಗೆ ಹೊರಟಿದ್ದವು. ಅಜ್ಜ ಕೈಯಿಟ್ಟು ಹರಸಲಿ ಎಂದು ಅವನ ಆಸೆ.

ಗುರುಗಳು ಕೈಯೆತ್ತಲಿಲ್ಲ.

"ಹಂಪಣ್ಣ ಸುಳ್ಳು ಹೇಳ್ತಾನೇನು?"

ಮುರುಗೇಂದ್ರ ತಲೆ ತಗ್ಗಿಸಿದ. ಹಿಂದಿನ ದಿನದಿಂದ ಅವನನ್ನು ಕಾಡುತ್ತಿದ್ದ ಪ್ರಶ್ನೆಯೂ ಅದೇ. ಮೆಲ್ಲಗೆ ಬಾಯಿಬಿಟ್ಟ. ನೀರುಗಂಟಿಗಳು ತಮ್ಮ ಪಾಸ್‌ವರ್ಡ್ ಮರೆಯುತ್ತಿದ್ದರು. ಮರೆತಾಗಲೆಲ್ಲ ಇವನೇ ಓಡಬೇಕಿತ್ತು. ಅದಕ್ಕೆ ಎಲ್ಲ ಪೆಟ್ಟಿಗೆಗಳ ಒಳಗೂ ಇನ್ನೊಂದು ಪಾಸ್‌ವರ್ಡ್ ಕೂರಿಸಿದ್ದ. ಅದು ಬದಲಾಗುವಂಥದ್ದಲ್ಲ. ಅದೊಂದಿದ್ದರೆ ಯಾವ ತೂಬಾದರೂ ಏಳುತ್ತದೆ.

"ಬಿಸಿಲಾಗ ತಿರುಗಿ ತಿರುಗಿ ಸಾಕಾಗಿತ್ರಿ ಅಜ್ಜಾರ."

"ನನಗೂ ಸಾಕಾಗೇತಿ. ಅದು ಎಷ್ಟು ಮಂದಿಗೆ ಗೊತ್ತೈತಿ?"

"ಇಬ್ಬರಿಗೆ. ನಿಮಗ, ನನಗ."

"ನನಗ?"

"ದೀಕ್ಷಾ ಕೊಡುವಾಗ ಶಾಲು ಮುಚ್ಚಿ ನನ್ನ ಕಿವ್ಯಾಗ ಹೇಳಿದ್ರಲ್ರಿ, ಆ ಮಂತ್ರ. ಸತ್ತರೂ ಯಾರಿಗೂ ಹೇಳಬ್ಯಾಡ ಅಂದಿದ್ರಿ. ಅದಕ್ಕಿಂತ ಗುಟ್ಟಿನ ಮಾತು ನನಗ ಬ್ಯಾರೆ ಯಾವುದೂ ಸಿಗಲಿಲ್ಲ."

ಗುರುಗಳು ಕಣ್ಣು ಮುಚ್ಚಿದರು.

ಆಮೇಲೆ ಅಡುಗೆಯ ಸಿದ್ದವ್ವನನ್ನು ಕರೆದರು. ರೊಟ್ಟಿ ತಟ್ಟುತ್ತಿದ್ದವಳು ಕೈಯೊರೆಸಿಕೊಳ್ಳುತ್ತ ಬಂದಳು. ಮುರುಗೇಂದ್ರನ ಫೋನಿನಲ್ಲಿ ಮಠದ ತೂಬಿನ ಪಾಸ್‌ವರ್ಡ್ ಕೇಳುವ ಪುಟ ತೆರೆಸಿ, ಅವಳ ಕೈಗೆ ಕೊಡಿಸಿದರು. ದೀಕ್ಷೆಯಲ್ಲಿ ನಿನ್ನ ಕಿವಿಗೆ ಹೇಳಿದ ಮಾತನ್ನು ಇದರಲ್ಲಿ ಬರೆ, ಯಾರಿಗೂ ತೋರಿಸಬೇಡ ಎಂದರು.

ಅವಳು ಗೋಡೆಯ ಕಡೆ ತಿರುಗಿದಳು. ಫೋನಿನ ಮೇಲೆ ಸೆರಗು ಮುಚ್ಚಿಕೊಂಡು, ಒಂದೊಂದೇ ಅಕ್ಷರ ಒತ್ತಿದಳು.

ತೋಟದ ಆಚೆ ತೂಬು ಕಿರುಗುಟ್ಟಿ ಎದ್ದಿತು. ಬಾಳೆಯ ಸಾಲಿಗೆ ನೀರು ಬಂತು.

"ನಾ ಏನರ ತಪ್ಪು ಮಾಡಿದ್ನೇನ್ರಿ ಅಜ್ಜಾರ?"

"ನೀ ಅಲ್ಲವ್ವ. ಹೋಗು, ರೊಟ್ಟಿ ಸೀದೀತು."

ಮುರುಗೇಂದ್ರನಿಗೆ ತೂಬಿನ ಚಿಂತೆಗಿಂತ ಬೇರೆಯದೇ ಸಂಕಟವಾಯಿತು. ಒಂಬತ್ತು ವರ್ಷ ಆ ಮಂತ್ರ ತನ್ನೊಬ್ಬನದೇ ಎಂದು ನಂಬಿದ್ದ.

"ಎಲ್ಲಾರಿಗೂ ಅದನ್ನ ಹೇಳೀರೇನ್ರಿ?"

"ಮುನ್ನೂರು ಮಂದಿಗೆ ಹೇಳೇನಿ. ನನ್ನ ಗುರುಗಳು ನನಗ ಕೊಟ್ಟದ್ದು ಅದೊಂದ. ಯಾರಿಗೂ ಹೇಳಬ್ಯಾಡ್ರಿ ಅಂದೆ. ಪಾಪ, ಯಾರೂ ಹೇಳಿಲ್ಲ."

ಹಾಗಾದರೆ ಆ ಮುನ್ನೂರರಲ್ಲಿ ತೂಬು ಎತ್ತಿದವರು ಯಾರು ಎಂದು ಮುರುಗೇಂದ್ರ ಕೇಳಿದ. ಕೇಳುವಾಗಲೇ ಅವನಿಗೆ ನೆನಪಾಯಿತು, ಕೆಟ್ಟುಹೋದ ಪೆಟ್ಟಿಗೆಯೊಂದನ್ನು ಹೋದ ವರ್ಷ ಗುಜರಿಗೆ ಹಾಕಿದ್ದ. ವಿದ್ಯೆ ಬಲ್ಲವನು ಅದನ್ನು ಬಿಚ್ಚಿದರೆ ಒಳಗಿನ ಮಾತನ್ನು ಓದಿಕೊಳ್ಳಬಹುದು. ಅಂಥವನಿಗೆ ದೀಕ್ಷೆಯೂ ಬೇಕಿಲ್ಲ, ಶಾಲೂ ಬೇಕಿಲ್ಲ. ಇದನ್ನೂ ಗುರುಗಳಿಗೆ ಹೇಳಿದ.

ಗುರುಗಳು ಹೊಸ ಪೆಟ್ಟಿಗೆಯನ್ನು ಅವನ ಕಡೆಗೆ ಸರಿಸಿದರು.

"ಇವನ್ನೆಲ್ಲ ಬಿಚ್ಚಿ ಆ ಮಾತು ತಗಿ. ಅದಕ್ಕಿಂತ ಮೊದಲ ಆ ನಲವತ್ತು ಊರಿನವು."

"ಕೂತಲ್ಲಿಂದ ಆಗಂಗಿಲ್ರಿ. ಒಂದೊಂದೂರಿಗೂ ನಡದು ಹೋಗಬೇಕು. ಈ ಬಿಸಿಲಾಗ."

"ಹೌದು."

ಮುರುಗೇಂದ್ರ ಹೊಸ ಪೆಟ್ಟಿಗೆಗಳನ್ನು ಬದಿಗಿಟ್ಟ. ಆಮೇಲೆ ಎದ್ದು ಸಲಕರಣೆಯ ಚೀಲ ಹೆಗಲಿಗೆ ಹಾಕಿಕೊಂಡ. ಅಮಾವಾಸ್ಯೆಗೆ ಇನ್ನು ನಾಲ್ಕೇ ದಿನವಿತ್ತು.

"ಯಾವ ತೂಬಿನಿಂದ ಶುರು ಮಾಡ್ಲಿ ಅಜ್ಜಾರ?"

"ತೂಬು ಆಮ್ಯಾಲೆ. ಮೊದಲ ಹಂಪಣ್ಣನ ಮನಿಗೆ ಹೋಗು. ಬಾಗಲಾ ಬಡಿ. ಅವ ತಾನ ತೆರೆಯೋ ತನಕ ಹೊರಗ ನಿಂತಿರು."