ಬಸಳೆ ದಂಟು ಕೆಂಪಾದದ್ದು

ಸಮುದ್ರಕ್ಕೆ ಉಪ್ಪು ಬಿದ್ದು ಇನ್ನೂ ಸ್ವಲ್ಪವೇ ಹೊತ್ತಾಗಿತ್ತು. ಮಣ್ಣು ಹಸಿ ಹಸಿ ಇತ್ತು. ಆ ಕಾಲದಲ್ಲಿ ಇಡೀ ಭೂಮಿಗೆ ಇದ್ದದ್ದು ಒಂದೇ ಒಂದು ಬಸಳೆ ಬಳ್ಳಿ. ಅದೂ ಎಲ್ಲಿ? ನಮ್ಮೂರಲ್ಲಿ! ಅಕ್ಕು ಅಜ್ಜಿಯ ಬಚ್ಚಲ ಹಿಂದೆ. ಆಗ ಅದರ ದಂಟು ಬಾಳೆದಿಂಡಿನ ಹಾಗೆ ಬಿಳಿ.

ಆಗಿನ ಜನ ಸೊಪ್ಪು ಕೊಯ್ಯುತ್ತಿರಲಿಲ್ಲ, ಬೇರು ಸಮೇತ ಕೀಳುತ್ತಿದ್ದರು. ಒಂದು ಬೆಳಿಗ್ಗೆ ಅಜ್ಜಿಯ ಮನೆಗೆ ಅಳಿಯ ಬಂದ. ಅಜ್ಜಿ ಸೀರೆ ಎತ್ತಿ ಕಟ್ಟಿ ಬಸಳೆಯ ಬುಡಕ್ಕೇ ಕೈ ಹಾಕಿದಳು.

"ಬೇರು ಬಿಡಿ ಅಜ್ಜೀ! ನಾನು ಹೋದರೆ ನನ್ನ ಕುಲವೇ ಹೋಯಿತು!" ಎಂದು ಬಸಳೆ ಕೂಗಿತು.

"ಬೇರು ಬಿಟ್ಟು ಸೊಪ್ಪು ತೆಗೆಯುವುದು ಯಾವ ಊರಿನ ಕ್ರಮ? ಸುಮ್ಮನಿರು ಮಾರಾಯ್ತಿ," ಎಂದು ಅಜ್ಜಿ ಎಳೆದೇಬಿಟ್ಟಳು.

ಎಲೆ, ಎಳೆ ದಂಟು ಹಲಸಿನ ಬೀಜದ ಜೊತೆ ಹುಳಿಗೆ ಹೋಯಿತು. ಬೇರು ದನದ ಬಾಯಿಗೆ ಹೋಯಿತು. ಬೇಯದಷ್ಟು ಬಲಿತ ಒಂದು ತುಂಡು ದಂಟನ್ನು ಅಜ್ಜಿ ಬಚ್ಚಲ ಹಿಂದೆ ಎಸೆದಳು. ಜಗತ್ತಿನಲ್ಲಿ ಉಳಿದ ಬಸಳೆ ಅಷ್ಟೇ.

ಹೇಂಟೆ ಬಂದು ಕುಕ್ಕಿ ನೋಡಿತು. "ಬೇರಿಲ್ಲ, ಎಲೆಯಿಲ್ಲ. ಇನ್ನೇನುಂಟು ನಿನಗೆ?"

"ಜಂಬ ಉಂಟಲ್ಲ, ಸಾಕು! ನಾನು ಸಾಯುವವಳಲ್ಲ," ಎಂದಿತು ಬಸಳೆ.

"ಸಂಜೆಯೊಳಗೆ ಒಣಗಿಸುತ್ತೇನೆ," ಎಂದ ಸೂರ್ಯ.

"ಒಣಗಿಸಿ ನೋಡು! ನಾನು ಸಾಯುವವಳಲ್ಲ."

ಅಷ್ಟರಲ್ಲಿ ಅಳಿಯ ಮಿಂದ ನೀರು ಹೊರಗೆ ಹರಿದು ಬಂತು. "ಅಕ್ಕಾ, ಸ್ವಲ್ಪ ಈಚೆ ಬಾ," ಎಂದು ಬಸಳೆ ಕರೆಯಿತು.

ಬಚ್ಚಲ ನೀರು ನಿಂತೇಬಿಟ್ಟಿತು. "ನನ್ನನ್ನಾ? ನನ್ನ ಕಂಡರೆ ಎಲ್ಲರೂ ಕಾಲೆತ್ತಿ ದಾಟುವವರೇ. ಸರಿ, ಬಂದೆ. ಬೇರಿಲ್ಲದವಳು ಹೇಗೆ ಕುಡಿಯುತ್ತೀ?"

"ಬೇರು ನಾನು ಬರಿಸುತ್ತೇನೆ. ನೀನು ಬಾ!"

ಬಸಳೆ ಉಸಿರು ಕಟ್ಟಿತು. ತಿಣುಕಿತು. ಹೇಂಟೆ ನಕ್ಕಿತು, ಬಸಳೆ ತಿಣುಕಿತು. ಸೂರ್ಯ ಸುಟ್ಟ, ಬಸಳೆ ತಿಣುಕಿತು. ತಿಣುಕಿ ತಿಣುಕಿ ಈ ತುದಿಯಿಂದ ಆ ತುದಿಯವರೆಗೆ ಕೆಂಪಗಾಯಿತು. ಆಗ ಗಿಣ್ಣಿನಿಂದ ಒಂದು ಬಿಳಿ ಬೇರು ಫಟ್ಟನೆ ಹೊರಬಂದು ಕೆಸರಿಗೆ ಕಚ್ಚಿತು. ಅದರ ಹಿಂದೆಯೇ ಒಂದು ಚಿಗುರು.

"ಗೆದ್ದೆಯಲ್ಲ, ಇನ್ನಾದರೂ ಉಸಿರು ಬಿಡೇ," ಎಂದ ಸೂರ್ಯ.

"ಆಹಾ! ನಾನು ಬಿಟ್ಟರೆ ನೀನು ನನ್ನನ್ನು ಬಿಡುತ್ತೀಯಾ?"

ಮೀಯಲು ಬಂದ ಅಜ್ಜಿ ಕೊಡಪಾನ ಕೆಳಗಿಟ್ಟಳು. "ಅಯ್ಯಯ್ಯೋ, ಎಸೆದದ್ದು ಎದ್ದು ಕೂತಿದೆ! ತಪ್ಪಾಯಿತು ಮಗಳೇ, ಇನ್ನು ನಿನ್ನ ಬೇರಿಗೆ ಕೈ ಹಾಕುವುದಿಲ್ಲ."

"ಅದಿರಲಿ ಅಜ್ಜೀ, ನನಗೆ ಹತ್ತಲು ಚಪ್ಪರ ಎಲ್ಲಿ?"

ಆಮೇಲೆ ಇದರದೇ ಕುಲದಲ್ಲಿ ತಿಣುಕದೆ ಬೆಳೆದ ಹಸಿರು ದಂಟಿನ ಬಸಳೆಯೂ ಬೇರೆ ಕಡೆ ಉಂಟಂತೆ, ಇರಲಿ ಪಾಪ. ನಮ್ಮದು ಮಾತ್ರ ಇವತ್ತಿಗೂ ಉಸಿರು ಬಿಟ್ಟಿಲ್ಲ. ಅದಕ್ಕೇ ಅಮ್ಮ ಅಡುಗೆಗೆ ಬೇಡವೆಂದು ಬಚ್ಚಲ ಹಿಂದೆ ಊರಿದ ಬಲಿತ ದಂಟು ಕೆಂಪು ಕೆಂಪಾಗಿ ಚಿಗುರಿ, ನೀವು ನೋಡುನೋಡುತ್ತಿದ್ದಂತೆ ಚಪ್ಪರ ಹತ್ತುತ್ತದೆ.