ಒದ್ದವರೇ ಚೆಂಡು ತರಬೇಕು

"ಉಸ್ತಾದರೇ, ಬಿದ್ದಾಗಲೆಲ್ಲ ನಾನು ನಿಮ್ಮ ಮುಖ ನೋಡುತ್ತೇನೆ. ನೀವು ಮಿಸುಕುವುದೂ ಇಲ್ಲ. ಬೇರೆ ಗರಡಿಗಳಲ್ಲಿ ಗುರುಗಳು ಅಖಾಡಕ್ಕೆ ಇಳಿದು, ಕೈ ಹಿಡಿದು ತಿದ್ದುತ್ತಾರೆ. ನೀವು ಕಟ್ಟೆಯ ಮೇಲೆ ಕುಳಿತೇ ಇರುತ್ತೀರಿ. ನಾನು ಇಲ್ಲೇ ಇರಲೋ, ಬೇರೆ ಕಡೆ ಹೋಗಲೋ?"

ಹೀಗೆ ಕೇಳಿದವಳು ನಿಂಗವ್ವ. ಹುಸೇನಸಾಬ ಉಸ್ತಾದರ ಗರಡಿಗೆ ಕುಸ್ತಿ ಕಲಿಯಲು ಬಂದು ಅವಳಿಗೆ ಒಂದು ವರ್ಷವಾಗಿತ್ತು. ಆ ಬೆಳಿಗ್ಗೆ ಒಂದೇ ಪಟ್ಟಿಗೆ ಐದು ಸಲ ಬಿದ್ದಿದ್ದಳು. ಮೈಗೆಲ್ಲ ಕೆಮ್ಮಣ್ಣು ಮೆತ್ತಿತ್ತು.

ಉಸ್ತಾದರು ಬಯ್ಯಲಿಲ್ಲ. "ಹೋಗುವುದಿದ್ದರೆ ಹೋಗುವೆಯಂತೆ. ಬಸ್ಸು ಇರುವುದು ಹನ್ನೊಂದಕ್ಕೆ. ಅಷ್ಟರಲ್ಲಿ ಒಂದು ಕತೆ ಮುಗಿಯುತ್ತದೆ, ಕೂತುಕೋ. ನನಗೆ ಯಾರು ಹೇಳಿದರು, ಎಲ್ಲಿ ಓದಿದೆ ಅಂತೆಲ್ಲ ಕೇಳಬೇಡ," ಎಂದು ಹೇಳತೊಡಗಿದರು.

ಹಿಂದೆ ಗೋವೆಯನ್ನು ಆಳಿದರಲ್ಲ ಪೋರ್ಚುಗೀಸರು, ಅವರ ದೇಶಕ್ಕೆ ಸೇರಿದ ಒಂದು ನಡುಗಡ್ಡೆ. ನಡುಗಡ್ಡೆ ಅಂದರೆ ಬರೀ ಗುಡ್ಡ. ಅಲ್ಲಿಯ ಒಂದು ಊರಿನಲ್ಲಿ ಸಮತಟ್ಟು ಜಾಗ ಅಂತ ಇದ್ದದ್ದು ಒಂದೇ, ಗುಡ್ಡದ ನೆತ್ತಿಯ ಮೇಲೆ, ಇಗರ್ಜಿಯ, ಅಂದರೆ ಅವರ ಚರ್ಚಿನ, ಮಗ್ಗುಲಿಗೆ. ಹುಡುಗರು ಅಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಇಗರ್ಜಿಯ ಗೋಡೆಯ ಮುಂದೆ ಎರಡು ಕಲ್ಲು ಇಟ್ಟರೆ ಅದೇ ಗೋಲು. ಚೆಂಡು ಕಲ್ಲುಗಳ ನಡುವೆ ಹೋದರೆ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ತಪ್ಪಿತೋ, ಕೆಟ್ಟೆವು! ಗೋಡೆಯ ಪಕ್ಕಕ್ಕೆ ಹಾದು, ಗುಡ್ಡದಿಂದ ಇಳಿಯುವ ಕಲ್ಲು ದಾರಿಯಲ್ಲಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಪುಟಿಯುತ್ತ ಇಳಿದು, ಬುಡದಲ್ಲಿದ್ದ ಒಂದು ಮನೆಯ ಅಂಗಳಕ್ಕೆ ಹೋಗಿ ಬೀಳುತ್ತಿತ್ತು. ನೂರಿಪ್ಪತ್ತು ಮೆಟ್ಟಿಲು. ಅದಕ್ಕೇ ಆ ಹುಡುಗರು ಒಂದು ಕಟ್ಟಳೆ ಮಾಡಿಕೊಂಡಿದ್ದರು: ಒದ್ದವರೇ ಚೆಂಡು ತರಬೇಕು.

ಆ ಬುಡದ ಮನೆಯಲ್ಲಿ ಒಬ್ಬಳು ತಾಯಿ ಇದ್ದಳು. ಊರವರ ಬಟ್ಟೆ ಒಗೆದು ಸಂಸಾರ ನಡೆಸುವವಳು. ಅವಳ ಮಗಳು ಇದಾಲಿನಾ, ಒಂಬತ್ತು ವರ್ಷದವಳು, ತನ್ನನ್ನೂ ಆಟಕ್ಕೆ ಸೇರಿಸಿಕೊಳ್ಳಿ ಎಂದು ಹುಡುಗರ ಬೆನ್ನು ಹತ್ತಿದಳು. ಹುಡುಗರು ಬಲು ಜಾಣರು. ಸೇರಿಸಿಕೊಳ್ಳುತ್ತೇವೆ, ಆದರೆ ಗೋಲಿಗೆ ಒದೆಯುವವಳು ಯಾವಾಗಲೂ ನೀನೇ ಎಂದರು. ಅವರಿಗೆ ಆಟ ಬೇಕಿತ್ತು, ಮೆಟ್ಟಿಲು ಬೇಕಿರಲಿಲ್ಲ. ಎಲ್ಲರೂ ಓಡಿ ಓಡಿ ಕೊನೆಗೆ ಚೆಂಡನ್ನು ತಂದು ಇವಳ ಕಾಲಿಗೆ ಹಾಕುವುದು, ಇವಳು ಒದೆಯುವುದು, ತಪ್ಪಿದರೆ ಇವಳೇ ಇಳಿಯುವುದು. ಎಂಥ ಸೋಮಾರಿಗಳು ನೋಡು! ಮೆಟ್ಟಿಲಿಗೆ ಹೆದರಿ ಗೋಲು ಹೊಡೆಯುವ ಸುಖವನ್ನೇ ಬಿಟ್ಟುಕೊಟ್ಟರು.

ಮೊದಮೊದಲು ತಾಯಿಯ ಕರುಳು ತಡೆಯಲಿಲ್ಲ. ಚೆಂಡು ಅಂಗಳಕ್ಕೆ ಬಿದ್ದದ್ದೇ ತಡ, ಒಗೆಯುವ ಬಟ್ಟೆಯನ್ನು ಅಲ್ಲೇ ಬಿಟ್ಟು, ಚೆಂಡು ಎತ್ತಿಕೊಂಡು ಅರ್ಧ ದಾರಿ ಹತ್ತಿ ಮಗಳ ಕೈಗೆ ಕೊಡುತ್ತಿದ್ದಳು. ಮಗಳು ಕುಣಿಯುತ್ತ ಮೇಲೆ ಓಡುತ್ತಿದ್ದಳು. ಗಳಿಗೆಯೊಳಗೆ ಚೆಂಡು ಮತ್ತೆ ಅಂಗಳದಲ್ಲಿ.

ಒಮ್ಮೆ ತಾಯಿ ಒಂದು ವಾರ ಜ್ವರದಿಂದ ಮಲಗಿದಳು. ಚೆಂಡು ಬಿದ್ದ ಸದ್ದು ಹಾಸಿಗೆಗೇ ಕೇಳುತ್ತಿತ್ತು. ಸೋಮವಾರ ಹತ್ತು ಸಲ ಬಿತ್ತು. ಶನಿವಾರ ನಾಲ್ಕೇ ಸಲ. ಇದೇನು ಎಂದು ತಾಯಿ ಮಲಗಿದಲ್ಲೇ ಯೋಚಿಸಿದಳು. ಪೂರ್ತಿ ಇಳಿದು ಪೂರ್ತಿ ಹತ್ತಬೇಕಾದವಳು ನೋಡಿ ಒದೆಯುತ್ತಾಳೆ. ಅರ್ಧ ದಾರಿಯಲ್ಲೇ ಚೆಂಡು ಸಿಗುವವಳು ಹೇಗೆಂದರೆ ಹಾಗೆ ಒದೆಯುತ್ತಾಳೆ. ಅಷ್ಟು ತಿಳಿದ ಮೇಲೆ, ಜ್ವರ ಬಿಟ್ಟರೂ ಅವಳು ಮೆಟ್ಟಿಲು ಹತ್ತಲಿಲ್ಲ.

ಒಂದು ದಿನ ಮಗಳು ಇಳಿಯುವಾಗ ಜಾರಿ ಬಿದ್ದು ಮಂಡಿ ಒಡೆದುಕೊಂಡಳು. ನಡು ಮೆಟ್ಟಿಲಲ್ಲೇ ಕುಳಿತು ಅಳುತ್ತ ಕೂಗಿದಳು: "ಅಮ್ಮಾ, ಚೆಂಡು ನಿನ್ನ ಕಾಲ ಬುಡದಲ್ಲೇ ಇದೆ. ತಂದುಕೊಡೇ!"

"ಒದ್ದವಳು ಯಾರು?" ಎಂದಳು ತಾಯಿ.

ಹೇಳಿದ್ದೇನೋ ಹೇಳಿದಳು. ಆದರೆ ಒಗೆಯುವ ಕಲ್ಲಿನ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದಳು. ಬಿಟ್ಟಿದ್ದರೆ ಕಾಲು ತಾನಾಗಿಯೇ ಮೆಟ್ಟಿಲ ಕಡೆಗೆ ಓಡುತ್ತಿತ್ತು. ಮಗಳು ಕುಂಟುತ್ತ ಇಳಿದು ಬಂದಳು, ಚೆಂಡು ತೆಗೆದುಕೊಂಡಳು, ತಾಯಿಯ ಮುಖ ನೋಡಿದಳು. ಅಲ್ಲಿ ಅವಳಿಗೆ ಏನೂ ಕಾಣಲಿಲ್ಲ. ಎರಡು ದಿನ ತಾಯಿಯ ಜೊತೆ ಮಾತು ಬಿಟ್ಟಳು. ಆ ಎರಡು ದಿನ ತಾಯಿಗೆ ಊಟ ಸೇರಲಿಲ್ಲ.

ವರ್ಷಗಳು ಹೋದವು. ಅಂಗಳಕ್ಕೆ ಚೆಂಡು ಬೀಳುವುದೇ ನಿಂತುಹೋಯಿತು. ಇದಾಲಿನಾಳಿಗೆ ಹದಿನಾರಾದಾಗ ಲಿಸ್ಬನ್ನಿನ ಒಂದು ಕ್ಲಬ್ಬಿನವರು ಬಂದು ಕರೆದುಕೊಂಡು ಹೋದರು. ಅಲ್ಲಿ ಹೊಸ ತಕರಾರು. ಗೋಲಿನ ಮುಂದೆ ಚೆಂಡು ಸಿಕ್ಕರೆ ಉಳಿದವರು ತಟ್ಟನೆ ಒದೆಯುತ್ತಾರೆ, ಇವಳು ಒಂದು ಕ್ಷಣ ನಿಲ್ಲುತ್ತಾಳೆ. ಏನು, ಒದೆಯುವುದಕ್ಕೂ ಮುಹೂರ್ತ ನೋಡುತ್ತೀಯಾ ಎಂದು ಕೋಚ್ ರೇಗಿದರು. ಎರಡು ವರ್ಷ ಆಟಕ್ಕಿಳಿಸದೆ ಬೆಂಚಿನ ಮೇಲೆ ಕೂರಿಸಿದರು. ಅವಳು ನಿಲ್ಲುವುದನ್ನು ಬಿಡಲಿಲ್ಲ. ಆದರೆ ಒದ್ದದ್ದು ತಪ್ಪುತ್ತಿರಲಿಲ್ಲ. ಕೊನೆಗೆ ಕೋಚೇ ರೇಗುವುದನ್ನು ಬಿಟ್ಟರು. ಮುಂದೆ ಹನ್ನೆರಡು ವರ್ಷ ಅವಳು ಕ್ಲಬ್ಬಿಗೂ ದೇಶಕ್ಕೂ ಮುಂಚೂಣಿಯಲ್ಲಿ ಆಡಿದಳು. ಅದೇ ಒಡೆದ ಮಂಡಿಗೆ ಎರಡು ಸಲ ಆಪರೇಷನ್ ಆಯಿತು, ಎರಡು ಸಲವೂ ಎದ್ದು ಬಂದಳು.

ಮೂವತ್ತನೆಯ ವಯಸ್ಸಿನಲ್ಲಿ ಒಂದು ಪಂದ್ಯ ಬಂತು. ಗೆದ್ದರೆ ದೇಶ ವಿಶ್ವಕಪ್ಪಿಗೆ, ಸಮವಾದರೂ ಮನೆಗೆ. ಊರಿನವರು ಇಗರ್ಜಿಯ ಮಗ್ಗುಲಿನ ಆ ಬಯಲಿನಲ್ಲೇ ದೊಡ್ಡ ಪರದೆ ಕಟ್ಟಿ, ತಾಯಿಯನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಎರಡೂ ಕಡೆ ಒಂದೊಂದು ಗೋಲಾಗಿತ್ತು. ಕೊನೆಯ ನಿಮಿಷದಲ್ಲಿ ಚೆಂಡು ಇದಾಲಿನಾಳ ಕಾಲಿಗೆ ಬಂತು. ಎದುರಿಗಿದ್ದವಳು ಗೋಲ್‌ಕೀಪರ್ ಒಬ್ಬಳೇ, ಅವಳೂ ಮುನ್ನುಗ್ಗಿ ಬರುತ್ತಿದ್ದಳು. ಒದಿ, ಒದಿ ಎಂದು ಊರಿಗೆ ಊರೇ ಎದ್ದು ನಿಂತು ಕೂಗಿತು.

ಇದಾಲಿನಾ ನಿಂತಳು.

ತಾಯಿಯೊಬ್ಬಳು ಕೂಗಲಿಲ್ಲ. ಮಗಳಿಗೆ ಮೆಟ್ಟಿಲು ಕಾಣುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಅವಳ ಎರಡೂ ಕೈ ಕುರ್ಚಿಯನ್ನು ಹಿಡಿದುಕೊಂಡಿದ್ದವು. ಗೋಲ್‌ಕೀಪರ್ ಕಾಯಲಾರದೆ ಒಂದು ಮಗ್ಗುಲಿಗೆ ಹಾರಿ ಬಿದ್ದಳು. ಆಮೇಲೆ ಇದಾಲಿನಾ ಒದ್ದಳು, ಮೆಲ್ಲಗೆ, ಇನ್ನೊಂದು ಮಗ್ಗುಲಿಗೆ. ಚೆಂಡು ಉರುಳಿಕೊಂಡು ಹೋಗಿ ಬಲೆಯೊಳಗೆ ನಿಂತಿತು.

ಭಲೇ ಹುಡುಗಿ! ತಾಯಿಗೆ ಎದೆಯುಬ್ಬಿ ಬಂತು. ಜೀವನದಲ್ಲಿ ದನಿಯೆತ್ತದವಳು "ನನ್ನ ಮಗಳು! ಅವಳು ನನ್ನ ಮಗಳು!" ಎಂದು ಗುಡ್ಡಕ್ಕೆಲ್ಲ ಕೇಳುವಂತೆ ಕೂಗಿದಳು. ಹಳೆಯ ಹುಡುಗರೂ ಅಲ್ಲಿದ್ದರು, ಈಗ ಹೊಟ್ಟೆ ಬಂದವರು. ಚೆಂಡು ಕೊಟ್ಟು ಕೊಟ್ಟು ಇವಳನ್ನು ತಯಾರು ಮಾಡಿದವರೇ ನಾವು ಎಂದು ಕುಣಿದಾಡಿದರು. ಸುಳ್ಳೇನಲ್ಲ ಬಿಡು.

ಇಗರ್ಜಿಯ ಪಾದ್ರಿ ತಾಯಿಯ ಬಳಿ ಬಂದು ಕೇಳಿದರು: "ಇವರೆಲ್ಲ ಕಲಿಸಿದರಂತೆ. ನೀನೇನು ಮಾಡಿದೆಯಮ್ಮಾ?"

"ನಾನು ಏನೂ ಮಾಡಲಿಲ್ಲ ಫಾದರ್. ಅಷ್ಟು ಕಷ್ಟದ ಕೆಲಸ ಈ ಜನ್ಮದಲ್ಲಿ ಇನ್ನೊಂದು ಮಾಡಿಲ್ಲ," ಎಂದಳು ತಾಯಿ.

ಉಸ್ತಾದರು ಅಷ್ಟಕ್ಕೆ ನಿಲ್ಲಿಸಿದರು. ಹನ್ನೊಂದರ ಬಸ್ಸು ರಸ್ತೆಯಲ್ಲಿ ಹಾರ್ನ್ ಹಾಕಿತು, ಸ್ವಲ್ಪ ನಿಂತು ಹೊರಟುಹೋಯಿತು. ನಿಂಗವ್ವ ಕೂತಲ್ಲಿಂದ ಏಳಲಿಲ್ಲ.

"ಬಿದ್ದಾಗಲೆಲ್ಲ ನನ್ನ ಮುಖ ನೋಡುತ್ತೀಯಲ್ಲ ಮಗಳೇ, ಇನ್ನು ಮೇಲೆ ನನ್ನ ಕೈ ನೋಡು."